ಆಟಕ್ಕುಂಟು

ನಮ್ಮ ದೇಶ ಈ ಸಲ ಹೋಗಿಲ್ಲ.
ನವೆಂಬರಿನಲ್ಲೇ ಮುಗಿಯಿತು ಅದು, ಕೆಸರಿನಲ್ಲಿ,
ಕಂಬಕ್ಕೆ ಬಡಿದ ಒಂದು ಚೆಂಡಿನ ಸದ್ದಿನಲ್ಲಿ.
ಬೆಸೋ ತಗಡಿನ ತಟ್ಟೆ ಬೀಳಿಸಿದಾಗ
ಈಗಲೂ ಕೇಳುತ್ತದೆ.

ಆದರೂ ರಾತ್ರಿ ಒಂದಕ್ಕೇ ಎದ್ದಿರುತ್ತೇನೆ.
ರೊಟ್ಟಿ ಸುಡುವವನಿಗೆ ನಿದ್ದೆಗೆಡಲು ನೆಪ ಬೇಡ.
ಕುಟೈಸಿಯಲ್ಲಿ ಮೂರು ಹೊಡೆದಾಗ
ಸಾಗರದಾಚೆ ಇನ್ನೂ ಇಳಿಬಿಸಿಲು;
ಅಲ್ಲಿ ಹುಲ್ಲಿನ ಮೇಲೆ ಹುಡುಗರ ಉದ್ದ ನೆರಳು,
ಇಲ್ಲಿ ನಾದಿದ ಹಿಟ್ಟು ಒದ್ದೆ ಬಟ್ಟೆಯಡಿ
ತನ್ನ ಪಾಡಿಗೆ ಉಬ್ಬುತ್ತಿದೆ.
ಮೂಟೆಗಳ ಮೇಲೆ ಟಿವಿ.
ರಿಮೋಟಿನ ಗುಂಡಿಗಳ ಸಂದಿಯಲ್ಲೂ ಮೈದಾ.

ಮೊದಲ ವಾರ ನನಗಿಷ್ಟ.
ಯಾರೂ ಇನ್ನೂ ಮನೆಗೆ ಹೋಗಿಲ್ಲ.
ಸೊನ್ನೆಗಳೇ ತುಂಬಿದ ಪಟ್ಟಿಯಲ್ಲಿ
ಅಕ್ಷರಮಾಲೆ ಯಾರನ್ನು ಮೇಲಿಟ್ಟಿತೋ ಅವರೇ ಮೊದಲಿಗರು.
ಇಷ್ಟು ನ್ಯಾಯ ಸಾಕಿತ್ತು ಲೋಕಕ್ಕೆ,
ಒಂದು ದಿನದ ಮಟ್ಟಿಗೆ.

ಹೊತ್ತು ಹೋಗಲೆಂದು ಒಂದು ದ್ವೀಪವನ್ನು ಆರಿಸಿಕೊಂಡೆ.
ಹೆಸರು ಸರಿಯಾಗಿ ಹೇಳಲು ಬೆಸೋಗೆ ನಾಲ್ಕು ದಿನ ಹಿಡಿಯಿತು.
ಮೊದಲ ಸಲ ಬಂದವರು.
ಅವರ ಗೋಲ್‌ಕೀಪರ್ ಬಂದರಿನಲ್ಲಿ ಕ್ರೇನ್ ನಡೆಸುವವನೆಂದು
ಟಿವಿಯವನು ಮೂರು ಸಲ ಹೇಳಿದ, ತಮಾಷೆ ಎಂಬಂತೆ.
ನಾನು ಬೆಂಕಿಯ ಬಾಯಲ್ಲಿ ದುಡಿಯುವವ; ನಗು ಬರಲಿಲ್ಲ.

ಮೊದಲ ಪಂದ್ಯ ಐದು–ಸೊನ್ನೆ.
ಐದನೆಯದು ಹೊಕ್ಕ ಮೇಲೆ ಚೆಂಡನ್ನು ಬಲೆಯಿಂದ
ತಾನೇ ಬಿಡಿಸಿ, ಅಂಗಿಗೆ ಒರೆಸಿ,
ಮೈದಾನದ ಮಧ್ಯಕ್ಕೆ ಒದ್ದ,
ಉಳಿದಿದ್ದ ಎರಡು ನಿಮಿಷಕ್ಕೆ.
ಅಷ್ಟಕ್ಕೇ ನಾನು ಸಿಕ್ಕಿಬಿದ್ದೆ.

ಎರಡನೆಯದು ಸೊನ್ನೆ–ಸೊನ್ನೆ.
ಏನಾಯಿತು ಎಂದರೆ ಏನೂ ಆಗಲಿಲ್ಲ.
ತೊಂಬತ್ತು ನಿಮಿಷ ಏನೂ ಆಗದಂತೆ ನೋಡಿಕೊಳ್ಳುವುದು
ಎಂಥ ದುಡಿಮೆ ಎಂದು ಲಾಮಾರಾಳನ್ನು ಕೇಳಬೇಕು:
ಲಾರಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಬ್ರೇಕು ಪರೀಕ್ಷಿಸಿದವಳು.
ಬೆಳಗಿನ ಜಾವ ಮೊದಲ ಬಿಸಿ ಶೋತಿಗೆ ಬರುತ್ತಾಳೆ,
"ಯಾರು ಸೋಲುತ್ತಿದ್ದಾರೆ?" ಎನ್ನುತ್ತಾಳೆ.
ಹೇಳಿದರೆ ಸಾಕು, ಮುಕ್ಕಾಲಿ ಎಳೆದು
ಅವರ ಕಡೆ ಕೂರುತ್ತಾಳೆ.

ಆಮೇಲೆ ಲೆಕ್ಕ. ಬೆಸೋ ಇದ್ದಿಲಿನಿಂದ ಗೋಡೆಯ ಮೇಲೆ:
ಇವರು ಎರಡರಿಂದ ಗೆದ್ದು, ಅವರು ಇನ್ನೊಬ್ಬರಿಗೆ ಸೋತು,
ಪಕ್ಕದ ಗುಂಪಿನಲ್ಲಿ ಯಾರೋ ಯಾರಿಗೋ
ಹಳದಿ ಚೀಟಿ ತೋರಿಸದಿದ್ದರೆ—
ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವವರು
ಬಂದು ಈ ಗೋಡೆ ನೋಡಲಿ.
ಲೆಕ್ಕವೆಲ್ಲ ಇವರದೇ.
ದೊಡ್ಡವರು ಲೆಕ್ಕ ಹಾಕುವುದಿಲ್ಲ,
ಸುಮ್ಮನೆ ಮುಂದಿನ ಊರಿಗೆ ಹೋಟೆಲು ಹಿಡಿಯುತ್ತಾರೆ.

ಮೂರನೆಯ ರಾತ್ರಿ, ಎಪ್ಪತ್ತೊಂದನೇ ನಿಮಿಷ.
ಮೂಲೆಯಿಂದ ಬಂದ ಚೆಂಡು
ಯಾರದೋ ಹೆಗಲಿಗೆ ತಾಗಿ ಒಳಗೆ.
ದ್ವೀಪದ ಮೊಟ್ಟಮೊದಲ ಗೋಲು.
ನಾನಾಗ ಒಲೆಯೊಳಗೆ ಅರ್ಧ ಇಳಿದಿದ್ದೆ,
ತಲೆಕೆಳಗಾಗಿ, ಕಾದ ಮಣ್ಣಗೋಡೆಗೆ ರೊಟ್ಟಿ ಬಡಿಯುತ್ತ.
ಕಂಡದ್ದು ಕೆಂಡ, ಕೇಳಿದ್ದು ಬೆಸೋನ ಕಿರುಚು.
ನನ್ನ ಆಯುಷ್ಯದ ಆ ಗೋಲನ್ನು ನಾನು ನೋಡಿಲ್ಲ.
ರಿಪ್ಲೇ ನೋಡಿದೆ; ರಿಪ್ಲೇ ಬೇರೆ ಮಾತು.
ಕುಣಿದದ್ದರಲ್ಲಿ ಹನ್ನೊಂದು ರೊಟ್ಟಿ ಸೀದವು.

ಎಂಬತ್ತೆಂಟರಲ್ಲಿ ಎದುರಿನವರು ಒಂದು ಹೊಡೆದರು.
ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನೋಣವೆಂದರೆ
ಕೈಗೂ ಪೂರ್ತಿ ಬಂದಿರಲಿಲ್ಲ.
ಗೋಡೆ ಒರೆಸುವ ಗೋಜಿಗೆ ಯಾರೂ ಹೋಗಲಿಲ್ಲ.

ಕ್ರೇನಿನವನು ಕೈಗವಸು ಬಿಚ್ಚಿ
ಒಂದನ್ನು ಜನರತ್ತ ಎಸೆದ.
ಇನ್ನೊಂದನ್ನು, ಏನು ಹೊಳೆಯಿತೋ,
ಸೊಂಟಕ್ಕೆ ಸಿಕ್ಕಿಸಿಕೊಂಡ.

ಲಾಮಾರಾ ಸೀದ ರೊಟ್ಟಿಯನ್ನೇ ಕೇಳಿದಳು.
ಕರಿಯನ್ನು ಚಾಕುವಿನಿಂದ ಕೆರೆಯುತ್ತ
"ಸೋಮವಾರ ಕೆಲಸಕ್ಕೆ ಹೋಗಬೇಕಲ್ಲ ಪಾಪ" ಎಂದಳು.
ದುಡ್ಡು ಬೇಡವೆಂದೆ.
ಎಣಿಸಿ ಇಟ್ಟೇ ಹೋದಳು.

ರಿಯೋನಿಯ ಕಡೆಯ ಕಿಟಕಿ ಬೆಳ್ಳಗಾಗುತ್ತಿತ್ತು.
ಟಿವಿಯಲ್ಲಿ ಮುಂದಿನ ಸುತ್ತಿನ ಜೋಡಿಗಳು,
ಎಲ್ಲ ಗೊತ್ತಿರುವ ಹೆಸರುಗಳು.
ಬೆಸೋ ಕೇಳಿದ: "ಇನ್ನು ನಮ್ಮವರು ಯಾರು?"
ಹೊಸ ಮೂಟೆ ಬಿಚ್ಚು ಎಂದೆ.