ಮುಟ್ಟದ ಗೋಡೆ

ಕಡತದಲ್ಲಿ ಅರವತ್ನಾಲ್ಕು ಸಾಲು.
ಒಂದೊಂದು ಸಾಲೂ ಒಂದೊಂದು ಗೋಡೆ:
ಇದರಿಂದ ಈಚೆಗಿರು, ಆಚೆ ಬೇಡ.
ಅರವತ್ನಾಲ್ಕು ಬೇಡಗಳ ನಡುವೆ
ಕಣ್ಣಿಗೆ ಕಾಣದ ಒಂದು ಹರಳು,
ಎಲ್ಲೂ ಒಳಕ್ಕೆ ತಗ್ಗದ್ದು.
ಅದರೊಳಗಿನ ಯಾವ ಎರಡು ಚುಕ್ಕಿಗೆ ದಾರ ಬಿಗಿದರೂ
ದಾರ ಹೊರಗೆ ಇಣುಕದ್ದು.

ಸಂತೇಪೇಟೆ, ಮೂರನೇ ಮಹಡಿ. ಕರೆಂಟಿಲ್ಲ.
ಯುಪಿಎಸ್ ಕುಂಯ್‌ಗುಡುತ್ತಿದೆ, ಇನ್ನಿಪ್ಪತ್ತು ನಿಮಿಷ.
ಕಿಟಕಿಯ ತುಂಬ ದುರ್ಗದ ಬಂಡೆ,
ಬಂಡೆಯಾಚೆ ಗಾಳಿಯಂತ್ರದ ಮೂರೆಸಳು,
ಯಾರಿಗೋ ಬೇಡ ಬೇಡ ಅನ್ನುತ್ತ ತಿರುಗುವುದು.
"ಅಷ್ಟೂ ಗೋಡೆ ಬೇಕಿಲ್ಲ ಮೇಡಂ," ಅಂದ ಓಬಳೇಶ,
"ಜರಡಿ ಹಿಡೀರಿ. ಮೇಲಿನ ಕೋಟೇಲೂ ಅಷ್ಟೇ,
ಏಳು ಸುತ್ತಲ್ಲಿ ಆರು ಅಳಿಸಬಹುದು."
ಒಳಗಿರೋನಿಗೆ ಸರಿ, ಅಂದೆ.
ಹೊರಗಿಂದ ಬರೋನನ್ನ ಕೇಳು.

ಜರಡಿಯ ಕ್ರಮ ಇಷ್ಟೆ:
ಒಂದು ಗೋಡೆ ಎತ್ತಿ ಪಕ್ಕಕ್ಕಿಡು.
ಅದು ತಡೆಯುತ್ತಿದ್ದ ದಿಕ್ಕಿಗೇ
ಹೋಗುವಷ್ಟು ದೂರ ಹೋಗು.
ಅದಿದ್ದ ಜಾಗ ಸಿಗುವ ಮೊದಲೇ
ಉಳಿದವು ಎದೆಗೆ ಕೈಕೊಟ್ಟು ನಿಲ್ಲಿಸಿದರೆ
ಆ ಗೋಡೆ ನಿನ್ನನ್ನು ಎಂದೂ ತಡೆದಿರಲಿಲ್ಲ.
ಅಳಿಸು.

ಏಳೂವರೆಯೊಳಗೆ ಮನೆ ಸೇರು, ಅಂತಿದ್ದಳು ಅವ್ವ.
ನಾನು ಓದುವಾಗ ಹಿರೇಗುಂಟನೂರಿಗೆ ಕೊನೆ ಬಸ್ಸು
ಆರೂ ಹತ್ತಕ್ಕೆ. ಏಳಕ್ಕೆ ಹತ್ತು ಕಮ್ಮಿ ಇರುವಾಗ
ನಾನು ಹೊಸ್ತಿಲ ಮೇಲೆ ಚಪ್ಪಲಿ ಬಿಡುತ್ತಿದ್ದೆ.
ಐದು ವರ್ಷ ಅವಳ ಮಾತು ನನ್ನ ಭುಜಕ್ಕೂ ತಾಗಲಿಲ್ಲ.
ಎಂಥಾ ಒಳ್ಳೇ ತಾಯಿ, ಅಂದುಕೊಂಡಿದ್ದೆ.
ಆಮೇಲೆ ಸ್ಕೂಟರ್ ಕೊಂಡೆ.
ಬಸ್ಸೆಂಬ ಗೋಡೆ ಬಿತ್ತು,
ಅದರ ಹಿಂದೆ ಇನ್ನೊಂದು
ಅಷ್ಟೂ ದಿನ ಸುಣ್ಣ ಹೊಡೆದುಕೊಂಡು ನಿಂತೇ ಇತ್ತು.

ಮೊದಲ ಸಲ ಓಡಿಸಿದಾಗ ನಾನು ಕೆಟ್ಟೆ.
ಹದಿನೇಳನೇ ಸಾಲು, ನಲವತ್ತನೇ ಸಾಲು ಅವಳಿ:
ಒಂದನ್ನೇ ಎರಡರಷ್ಟು ಮಾಡಿ ಬರೆದದ್ದು.
ಇದನ್ನೆತ್ತಿದರೆ ಅದು ತಡೆಯಿತು, ಇದು ಬೇಡ.
ಅದನ್ನೆತ್ತಿದರೆ ಇದು ತಡೆಯಿತು, ಅದೂ ಬೇಡ.
ಇಬ್ಬರಿಗೂ ಗುರುತು ಹಾಕಿ ಒಟ್ಟಿಗೆ ಅಳಿಸಿದೆ.
ಪರದೆಯ ಮೇಲೆ ಬಂತು ಒಂದೇ ಪದ: ಮಿತಿಯಿಲ್ಲ.
ಹರಳಿನ ಒಂದು ಪಕ್ಕ ಹಾರಿಹೋಗಿ
ಒಳಗಿದ್ದದ್ದೆಲ್ಲ ಹೊಳಲ್ಕೆರೆ ಕಡೆಗೆ, ಅದರಾಚೆಗೆ,
ಆಚೆ ಅನ್ನುವ ಮಾತೇ ಮುಗಿಯದ ಕಡೆಗೆ ಚೆಲ್ಲಿತು.

ಒಂದೊಂದಾಗಿ ತೆಗೆಯಬೇಕು.
ತೆಗೆದ ಮೇಲೆ ಉಳಿದವರನ್ನು
ಮತ್ತೆ ಹೊಸದಾಗಿ ಕೇಳಬೇಕು.

ಸಂಜೆಗೆ ಹನ್ನೆರಡು ಉಳಿದವು. ಹನ್ನೊಂದು ನಿಜವಾದ ಮುಖ.
ಹನ್ನೆರಡನೆಯದು ಮಾತ್ರ
ಹರಳಿನ ಒಂದು ಮೂಲೆಗೆ ಬಂದು
ಬೆರಳ ತುದಿ ಇಟ್ಟಂತೆ ನಿಂತಿತ್ತು.
ಕತ್ತರಿಸುವುದೂ ಇಲ್ಲ, ದೂರ ಸರಿಯುವುದೂ ಇಲ್ಲ.
ದಶಾಂಶವನ್ನು ನಂಬದೆ ಭಿನ್ನರಾಶಿಯಲ್ಲೇ ಗುಣಿಸಿ ನೋಡಿದೆ.
ವ್ಯತ್ಯಾಸ ಸೊನ್ನೆ. ನಿಜಕ್ಕೂ ಮುಟ್ಟುತ್ತಿದೆ.
"ತೆಗೀರಿ ಮೇಡಂ, ಆಕಾರ ಬದಲಾಗಲ್ಲ."
ಹೌದು. ಬದಲಾಗುವುದಿಲ್ಲ.

ಆ ಹೊತ್ತಿಗೆ ಫೋನು. ಅಪ್ಪ, ದಿನದ ಹಾಗೆ:
"ಹೊಂಟೇನವ್ವ?"
ಹೊಂಟೆ ಅಂದರೂ ಸರಿ, ಇಲ್ಲ ಅಂದರೂ ಸರಿ,
"ಆತು" ಅಂತ ಇಟ್ಟುಬಿಡುತ್ತಾನೆ.

ಬೆಟ್ಟ ಹತ್ತುವ ದಾರಿಯಲ್ಲೊಂದು ಬಂಡೆಯಿದೆ,
ಮೈಮೇಲೆ ಉಳಿ ಕೊರೆದ ಚೌಕ ತೂತುಗಳ ಸಾಲು.
ಸೀಳಬೇಕೆಂದು ಯಾರೋ ಹೊರಟಿದ್ದರು, ಸೀಳಲಿಲ್ಲ.
ಬಂಡೆ ಇಡಿಯಾಗಿಯೇ ಇದೆ,
ತೂತಿನಲ್ಲಿ ಒಣಗಿದ ಹುಲ್ಲು, ಒಂದು ಇರುವೆ.

ಹನ್ನೆರಡನೆಯದನ್ನು ನಾನು ಅಳಿಸಲಿಲ್ಲ.
ಸಾಲಿನ ಮುಂದೆ ಒಂದು ಗುರುತಿಟ್ಟೆ.
ಇನ್ನು ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ.
ಕಡತ ತೆರೆದವರು ಯಾರಾದರೂ
ಓದಿದರೆ ಓದಲಿ.

ಗಂಟೆ ಎಂಟಾಗಿತ್ತು. ಸ್ಕೂಟರ್ ಕೀಲಿ ಹುಡುಕಿದೆ.