ಕಂಕುಳ ಹೊಲಿಗೆ

ನವೆಂಬರಿನ ಗುರುವಾರ, ರಾತ್ರಿ ಎಂಟು.
ಸ್ವಿಸ್ ಕಣಿವೆಯ ನಮ್ಮ ಶಾಲೆ, ಕಸರತ್ತಿನ ಕೋಣೆ,
ಗೋಡೆಗೆ ಒರಗಿದ ಚಾಪೆಗಳಲ್ಲಿ ಮಕ್ಕಳ ಬೆವರು.
ಮಡಚುವ ಕುರ್ಚಿ ನೂರಿಪ್ಪತ್ತು, ನನ್ನದೂ ಸೇರಿ.
ಸಾಲಾಗಿ ಹಾಕಿದವನು ನಾನೇ, ಇಲ್ಲಿಯ ಜವಾನ.
ಊರ ಸಭೆಯಲ್ಲಿ ಕೈ ಎಣಿಸುವವನೂ ನಾನೇ.

ನಾಲ್ಕನೆಯ ವಿಷಯ: ಬೆಂಕಿ ಆರಿಸುವ ಹೊಸ ಗಾಡಿ.
ಎಲ್ಲ ಕೈಯೂ ಎದ್ದವು, ಎಣಿಸುವ ಕೆಲಸವೇ ಇರಲಿಲ್ಲ.
ಐದನೆಯದು: ಮಿಹ್ರಿಯೆ, ದರ್ಜಿ.
ಕೊಸೊವೊದಿಂದ ಬಂದು ಹತ್ತೊಂಬತ್ತು ವರ್ಷ.
ಪೌರತ್ವದ ಅರ್ಜಿ.
"ಸ್ವಲ್ಪ ಹೊರಗಿರಿ" ಎಂದರು ಅಧ್ಯಕ್ಷರು,
ಬಾಗಿಲನ್ನು ತಾವೇ ತೆರೆದು ಹಿಡಿದು.

ಹೊರಗೆ, ಮಕ್ಕಳ ಎತ್ತರದ ಗೂಟಗಳಲ್ಲಿ
ನಮ್ಮೆಲ್ಲರ ಚಳಿಕೋಟುಗಳು.
ಒಂದೊಂದರ ಒಳಮೈಯೂ ಅವಳಿಗೆ ಗೊತ್ತು:
ಯಾರ ಅಸ್ತರಿ ಸವೆದಿತ್ತು, ಯಾರ ಜೇಬಿನಲ್ಲಿ
ಮರೆತ ಕಾಗದವಿತ್ತು,
ಮಡಿಕೆ ಬಿಚ್ಚದೆ ಹಿಂದಿರುಗಿಸಿದ್ದಳು.

ಒಳಗೆ ಯಾರೋ ಕೇಳಿದರು:
ಸಂಜೆ ಆರಕ್ಕೇ ಪರದೆ ಎಳೆಯುತ್ತಾಳಲ್ಲ, ಯಾಕೆ?
ಇನ್ನೊಬ್ಬರು: ಹಾಡಿನ ಸಂಘಕ್ಕೂ ಸೇರಲಿಲ್ಲ.
ನಾನೂ ಸೇರಿಲ್ಲ. ನನ್ನನ್ನು ಯಾರೂ ಕೇಳಿಲ್ಲ.
ಇಲ್ಲೇ ಹುಟ್ಟಿದವನ ಮೌನ ಸ್ವಭಾವ,
ಬಂದವಳದು ಪುರಾವೆ.

ಊರಿಗೆ ಬಂದವಳು ನೀರಿಗೆ ಬಂದೇ ಬರುತ್ತಾಳೆ.
ಬಂದಳು.
ನಾವು ಅವಳ ಕೊಡವನ್ನು ನಡುವೆ ಇಟ್ಟುಕೊಂಡು
ಕೈ ಎಣಿಸಿದೆವು.

ಬೇಡವೆನ್ನುವವರು? ಮೊದಲು ಎದ್ದದ್ದು ಒಡರ್ಮಾಟ್‌ನ ಕೈ.
ಹೋದ ತಿಂಗಳು ಅವಳ ಅಂಗಡಿಯಲ್ಲಿ ಅವನು
"ಕಂಕುಳಲ್ಲಿ ಬಿಗಿ, ಕೈ ಮೇಲೆತ್ತಲಾಗದು" ಅಂದಾಗ
ನಾನೂ ಅಲ್ಲೇ ಇದ್ದೆ, ಕೆಟ್ಟ ಜಿಪ್ ಹಿಡಿದುಕೊಂಡು.
ಅವಳು ಹೊಲಿಗೆ ಬಿಚ್ಚಿ, ಬಾಯಲ್ಲಿ ಗುಂಡುಸೂಜಿ ಕಚ್ಚಿ,
ಒಂದಂಗುಲ ಬಟ್ಟೆ ಕೂಡಿಸಿದ್ದಳು.
ಈಗ ಎಷ್ಟು ಸಲೀಸಾಗಿ ಏರಿತು ಆ ತೋಳು!
ಒಂದು ಸುಕ್ಕೂ ಬೀಳದೆ.

ಬೇಡ, ಅರವತ್ತೊಂದು. ಬೇಕು, ಐವತ್ತೆಂಟು.
ಎರಡು ಸಲ ಎಣಿಸಿದೆ.
ಕೂಡಿಸಿ ನೋಡಿ, ಒಂದು ಕೈ ಕಡಿಮೆ.
ಒಂದರಲ್ಲಿ ಪೆನ್ಸಿಲು, ಒಂದರಲ್ಲಿ ಪಟ್ಟಿ, ಅಂದುಕೊಂಡೆ.
ಎತ್ತಿದ್ದರೂ ಅವಳು ಸೋಲುತ್ತಿದ್ದಳು, ಅಂದುಕೊಂಡೆ.
ಈ ಲೆಕ್ಕ ತಪ್ಪಲ್ಲ.
ನಿದ್ದೆ ಮಾತ್ರ ಬರುವುದಿಲ್ಲ.

ಮುಂದಿನ ವಾರ ಹಳೆಯ ಕೋಟು ಹೊತ್ತು ಹೋದೆ,
ರಿಪೇರಿಯ ನೆಪ.
"ಎಣಿಕೆ ಸರಿಯಿತ್ತಾ?" ಅಷ್ಟೇ ಕೇಳಿದಳು.
ಸರಿಯಿತ್ತು, ಅಂದೆ. ಮೋಸವಿರಲಿಲ್ಲ.
"ನಮ್ಮಪ್ಪನ ಕಾಲದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಬರುತ್ತಿತ್ತು.
ಸತ್ತವರೂ ಓಟು ಹಾಕುತ್ತಿದ್ದರು" ಎಂದು ನಕ್ಕಳು.
"ಇಲ್ಲಿ ಬೇಡ ಅಂದವರು ಬದುಕಿದ್ದವರೇ ತಾನೆ."
ದಾರ ಹಲ್ಲಲ್ಲಿ ಕತ್ತರಿಸಿದಳು.

ಗಡಿಯಾರ ಆರು ಹೊಡೆಯಿತು.
ಎದ್ದು ಹೋಗಿ ಪರದೆ ಎಳೆದಳು,
ಟೇಪು ಹಿಡಿದು ನನ್ನ ಬಳಿ ಬಂದು
"ಕೈ ಎತ್ತಿ" ಅಂದಳು, ಅಳತೆಗೆ.

ಎತ್ತಿದೆ.
ಯಾರೂ ಎಣಿಸಲಿಲ್ಲ.