ನೂರಕ್ಕೆ ಎಷ್ಟು ಒಡೆಯುತ್ತದೆ

ಸುಂಟಿಕೊಪ್ಪದ ನಮ್ಮ ಸಂಘದ ಕಚೇರಿಯಲ್ಲಿ
ಕರೆಂಟಿದ್ದ ಹೊತ್ತು ನೋಡಿ
ಆ ಕಂಪನಿಯ ಪುಟ ತೆರೆದೆ.
ಪಲ್ಪರ್ ಬೇಕಿತ್ತು. ಹಳೆಯದರ ಹಲ್ಲು ಸವೆದು
ಹಣ್ಣನ್ನು ಸುಲಿಯುವ ಬದಲು ಚೀಪುತ್ತಿತ್ತು.

ಮೊದಲು ಬಂದದ್ದು ಸೂರ್ಯೋದಯ.
ಆಮೇಲೆ ಮೈಸೂರಿನ ಕಾರ್ಖಾನೆ,
ಅದರ ಬೆನ್ನಿಗೆ ಹಿಮ ಹೊದ್ದ ಬೆಟ್ಟ.
'ಚಾಮುಂಡಿ ಬೆಟ್ಟಕ್ಕೆ ಹಿಮ ಯಾವಾಗ ಬಿತ್ತು?'
ಅಧ್ಯಕ್ಷ ಬೆಳ್ಯಪ್ಪನವರು ಕನ್ನಡಕ ಏರಿಸಿ ಕೇಳಿದರು.

ನಲವತ್ತು ದೇಶಗಳ ನಂಬಿಕೆಯಂತೆ.
ಒಂದು ದೇಶಕ್ಕೂ ಹೆಸರಿಲ್ಲ.
ಒಂದೇ ಒಂದು ಬೀಜವೂ ಒಡೆಯದಂತೆ.
ಯಾವ ಬೀಜ, ಯಾರ ತೋಟದ್ದು, ಯಾವ ತಿಂಗಳಿನದು?
ನೀರಿನಲ್ಲಿ ಅರ್ಧಕ್ಕರ್ಧ ಉಳಿತಾಯ.
ಯಾವುದರ ಅರ್ಧ?
ಬಟ್ಟಿಯನ್ನೇ ತೋರಿಸದೆ
ಅಳೆದು ಕೊಟ್ಟೆ, ತಗೋ, ಎಂದ ಹಾಗೆ.

ನಗುತ್ತಿದ್ದ ಒಬ್ಬ ಬೆಳೆಗಾರ:
'ಮಾದಾಪುರದ ಸಂತುಷ್ಟ ಗ್ರಾಹಕ'.
ಮಾದಾಪುರ ನಮಗೆ ಬಸ್ಸಿನಲ್ಲಿ ಅರ್ಧ ಗಂಟೆ.
ಆ ಮುಖ ಅಲ್ಲಿ ಯಾರಿಗೂ ಗೊತ್ತಿಲ್ಲ;
ಎದುರಿನ ಮೆಡಿಕಲ್ ಅಂಗಡಿಯ ಕ್ಯಾಲೆಂಡರಿನಲ್ಲಿ ಮಾತ್ರ
ಅದೇ ಮುಖ, ಅದೇ ನಗು,
ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದೆ.

ಅವನ ಬೊಗಸೆ ನೋಡಿದ್ದು ಮೆಕ್ಯಾನಿಕ್ ಕುಂಞಾಲಿ.
'ಅದು ಕಾಫಿ ಹಣ್ಣಲ್ಲ ಮೇಡಂ.
ಕೇಕಿನ ಮೇಲೆ ಇಡ್ತಾರಲ್ಲ, ಅದು.'

ಬೆಳ್ಯಪ್ಪನವರು ಎದ್ದೇಬಿಟ್ಟರು.
ಒಂದು ಸುಳ್ಳಾಡಿದವನು ಒಂಬತ್ತು ಆಡುತ್ತಾನೆ,
ಮುಚ್ಚಿ ಅದನ್ನ.

ಕುಂಞಾಲಿ ಮುಚ್ಚಗೊಡಲಿಲ್ಲ.
ಗ್ರೀಸಿನ ಬೆರಳಲ್ಲೇ ಪುಟವನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ
ಬಾವಿಗೆ ಕೊಡ ಇಳಿಸಿದ ಹಾಗೆ ಇಳಿಸಿದ.
ತಳದಲ್ಲಿ ಬಿಡಿಭಾಗಗಳ ಪಟ್ಟಿ:
ಬೋಲ್ಟು ಬೋಲ್ಟಿಗೂ ನಂಬರು, ಬೆಲೆ,
ಎರಡು ವರ್ಷಕ್ಕೆ ಸವೆಯುವುದರ ಮುಂದೆ ಪುಟ್ಟ ನಕ್ಷತ್ರ.
ಅಲ್ಲಿ ಸೂರ್ಯೋದಯವಿಲ್ಲ. ಒಂದು ಕಾಗುಣಿತವೂ ತಪ್ಪಿದೆ.
'ಸವೀತದೆ ಅಂತ ಬರೆದವ ಮಿಷನ್ ಮಾಡಿದವ.
ಮೇಲೆ ಬರೆದವ ಬೇರೆ.'

ಅದರಡಿಯ ನಂಬರಿಗೆ ಫೋನ್ ಮಾಡಿದೆ.
ಹಿಂದೆ ಲೇತಿನ ಸದ್ದು, ಮುಂದೆ ಕೆಂಪಾಚಾರಿ ಎಂಬ ದನಿ.
ನೂರಕ್ಕೆ ಎಷ್ಟು ಒಡೆಯುತ್ತದೆ?
ಅರೇಬಿಕಾ ಮೂರು, ನಾಲ್ಕು. ರೋಬಸ್ಟಾ ಎಂಟು.
ಹಸಿಕಾಯಿ ಬೆರೆತಿದ್ದರೆ ನನ್ನನ್ನ ಕೇಳಬೇಡಿ.
'ಸೊನ್ನೆ ಅಂತ ಹಾಕಿದ್ದೀರಲ್ಲ?'
ಲೇತು ಎರಡು ಸುತ್ತು ತಿರುಗಿತು.
'ಅದು ಮೇಲಿನ ಆಫೀಸು, ಅಮ್ಮಾ.'

ಫೋನಿಟ್ಟೆ. ಮೇಜಿನ ಮೇಲೆ
ನಮ್ಮದೇ ಸಂಘದ ಕಾಫಿಪುಡಿ ಪ್ಯಾಕೆಟ್ಟು.
'ಮಂಜು ಮುತ್ತಿಟ್ಟ ಅಪ್ಪಟ ಕೊಡಗು.'
ಆ ಸಾಲು ನನ್ನದು; ಮೂರು ದಿನ ಕೂತು ಬರೆದದ್ದು.
ಚಿತ್ರದಲ್ಲಿ ಜಲಪಾತ. ನಮ್ಮ ಕಚೇರಿಯ ಪಕ್ಕ
ಇರುವುದು ಪೆಟ್ರೋಲ್ ಬಂಕ್.
ತಿರುಗಿಸಿ ಹಿಡಿದೆ. ಇರುವೆಯಷ್ಟು ಅಕ್ಷರದಲ್ಲಿ:
ಚಿಕೋರಿ ನಲವತ್ತೇಳು.
ಅದನ್ನು ಚಿಕ್ಕದಾಗಿಸಲು ಹೇಳಿದವಳೂ ನಾನೇ.
ಬೆಳ್ಯಪ್ಪನವರು ಕಿಟಕಿಯಾಚೆ ನೋಡುತ್ತಿದ್ದರು,
ಬಂಕಿನಲ್ಲಿ ಏನೋ ವಿಶೇಷ ನಡೆದಿದೆ ಎಂಬಂತೆ.

ಶನಿವಾರ, ಹಿಂದಿನ ಸಂಜೆ ಕೊಯ್ದ
ನಾಲ್ಕು ಮೂಟೆ ಜೀಪಿಗೇರಿಸಿ ಹೋದೆವು.
ಮೇಲಿನ ಆಫೀಸಿನವನು ಟೈ ಕಟ್ಟಿ ಬಂದು
ಎಳನೀರು ಕೊಟ್ಟ, ಬಣ್ಣದ ಪುಸ್ತಕ ಕೊಟ್ಟ.
ಕೆಳಗೆ ಶೆಡ್ಡಿನಲ್ಲಿ ಮಿಷನ್ ನಮ್ಮ ಹಣ್ಣನ್ನು ತಿಂದಿತು.
ನೆಲಕ್ಕೆ ಹಳೆಯ ಪೇಪರ್ ಹಾಸಿ ಕೂತು
ಬೀಜಗಳನ್ನು ನೂರು ನೂರಾಗಿ ಎಣಿಸಿದೆವು,
ಅಂಟಂಟು, ಬೆರಳಿಂದ ಬೆರಳಿಗೆ ಜಾರುತ್ತ.
ಮೂರು. ನಾಲ್ಕು. ಮತ್ತೆ ಮೂರು.
ರೋಬಸ್ಟಾ ಎಂಟು.

ಟೈಯವನ ಮುಖ ಅರಳಿತು.
ಹೇಳಿದ್ದಕ್ಕೆ ಸರಿಹೋಯಿತು ನೋಡಿ ಎಂದ,
ತಾನು ಹೇಳಿದ್ದು ಏನೆಂದು ಮರೆತು.

ಕೆಂಪಾಚಾರಿ ಮಾತಾಡಲಿಲ್ಲ.
ಮೊಣಕಾಲೂರಿ, ನಾವು ಸರಿ ಎಂದು ಬಿಟ್ಟ ಗುಡ್ಡೆಯಿಂದ
ಒಂದು ಬೀಜ ಎತ್ತಿ, ಬೆಳಕಿಗೆ ಹಿಡಿದು,
ಉಗುರಿನಲ್ಲಿ ಅದರ ಸೀಳು ತೋರಿಸಿದ.
'ಇದೂ ಹೋಗಿದೆ, ಅಮ್ಮಾ.
ಒಂಬತ್ತು ಬರ್ಕೊಳ್ಳಿ.'

ಬರೆದುಕೊಂಡೆ.